ಆಷಾಢದಲ್ಲಿ ಸಾಯಬೇಕಾಗಿದ್ದ ಮಗಳ ಪರವಾಗಿ

ಜಿಲ್ಲೆಯ ವೈದ್ಯಾಧಿಕಾರಿಗಳಿಗೆ

ಮಾನ್ಯರೇ,

ತಮ್ಮ ಇಲಾಖೆಯ ಮೊಹರು ಬಿದ್ದ ಕಾಗದದ ಪ್ರಕಾರ ಕಳೆದ ವರ್ಷದ ಆಷಾಢದೊಳಗೆ ಸಾಯಬೇಕಾಗಿದ್ದ ನನ್ನ ಮಗಳು ವನಮಾಲಾ ಇನ್ನೂ ಬದುಕಿದ್ದಾಳೆ. ಈ ಅಚಾತುರ್ಯಕ್ಕಾಗಿ ಮೊದಲು ತಮ್ಮ ಕ್ಷಮೆ ಕೇಳುತ್ತೇನೆ. ಸರಕಾರಿ ಕಾಗದ ಒಂದು ಮಾತು ಹೇಳಿದ ಮೇಲೆ ಪ್ರಜೆಯಾದವಳು ಅದಕ್ಕೆ ಸರಿಯಾಗಿ ನಡೆದುಕೊಳ್ಳಬೇಕಿತ್ತು. ಅವಳು ನಡೆದುಕೊಳ್ಳಲಿಲ್ಲ. ಇವತ್ತು ಬೆಳಿಗ್ಗೆ ಬಾವಿಯಿಂದ ನೀರು ಸೇದಿ, ದನಕ್ಕೆ ಹುಲ್ಲು ಹಾಕಿ, ಈಗ ಜಗಲಿಯಲ್ಲಿ ಕೂತು ಪಕ್ಕದ ಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಾಳೆ. ಅವಳ ಕುತ್ತಿಗೆಯಲ್ಲಿದ್ದದ್ದು ಕ್ಯಾನ್ಸರ್ ಅಲ್ಲ, ಕ್ಷಯ. ಎದೆಯೊಳಗೆ ಕೂರದೆ ಕುತ್ತಿಗೆಯ ಗಂಟಿನಲ್ಲಿ ಕೂತ ಕ್ಷಯ. ಅದನ್ನು ಕ್ಯಾನ್ಸರ್ ಎಂದು ಬರೆದದ್ದು ನಿಮ್ಮ ಕೈಕೆಳಗಿನ ಆಸ್ಪತ್ರೆ. ಅದಕ್ಕೆ ಮೇಲುರುಜು ಹಾಕಿದ್ದು ನೀವು. ತಪ್ಪೆಂದು ಗೊತ್ತಾದ ಮೇಲೂ ಅದನ್ನು ಹೊಡೆದುಹಾಕಲು ಒಪ್ಪದವರೂ ನೀವೇ. ನನ್ನ ದೂರು ಇಷ್ಟು.

ನಾನು ಯಾರೆಂದು ತಮಗೆ ನೆನಪಿರಲಾರದು. ಕುಂದಾಪುರದ ಕಚೇರಿಯ ಎದುರು ಮರದ ನೆರಳಲ್ಲಿ ಹಲಗೆ ಇಟ್ಟುಕೊಂಡು ಮೂವತ್ತು ವರ್ಷದಿಂದ ಊರವರ ಅರ್ಜಿ ಬರೆದುಕೊಡುತ್ತಿರುವ ವೈಕುಂಠ ಹೆಬ್ಬಾರ ನಾನು. ಮನೆ ಕೋಟದ ಸಮೀಪ. ಈ ತಾಲೂಕಿನಿಂದ ನಿಮ್ಮಂಥ ಅಧಿಕಾರಿಗಳಿಗೆ ಬಂದ ‘ದಯಾಳುಗಳಾದ’, ‘ಕೃಪಾಸಮುದ್ರರಾದ’, ‘ಅರ್ಜಿದಾರನು ತಮ್ಮ ಪಾದವೇ ಗತಿಯೆಂದು ನಂಬಿರುವ ಕಾರಣ’ ಎಂಬಂಥ ಮಾತುಗಳಲ್ಲಿ ಮುಕ್ಕಾಲುಪಾಲು ನನ್ನ ಲೇಖನಿಯಿಂದ ಹೊರಟವು. ಗದ್ದೆಯ ಅಂಚಿಗಾಗಿ, ಬಾವಿಯ ಹಕ್ಕಿಗಾಗಿ, ಸೀಮೆಎಣ್ಣೆಯ ಪರ್ಮಿಟಿಗಾಗಿ ಎಷ್ಟು ಜನರನ್ನು ಕಾಗದದ ಮೇಲೆ ನಿಮ್ಮ ಕಾಲಿಗೆ ಬೀಳಿಸಿದ್ದೇನೋ ನನಗೇ ಗೊತ್ತಿಲ್ಲ. ಬಿದ್ದವರನ್ನು ನೀವು ಎಬ್ಬಿಸಿದ್ದು ಕಡಿಮೆ. ಇದು ನಾನು ಸ್ವಂತಕ್ಕೆ ಬರೆಯುತ್ತಿರುವ ಕಾಗದ, ಇದರಲ್ಲಿ ಯಾರೂ ಯಾರ ಕಾಲಿಗೂ ಬೀಳುವುದಿಲ್ಲ. ಲಕೋಟೆಯಲ್ಲಿ ಹಾಕಿ ಕಳುಹಿಸಿದ ಮೂರು ಅರ್ಜಿಗಳಿಗೆ ನಿಮ್ಮಿಂದ ಒಂದು ಸಾಲು ಉತ್ತರವೂ ಬಾರದ್ದರಿಂದ ಈ ನಾಲ್ಕನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಊರೆಲ್ಲ ಓದಿದ್ದನ್ನು ನೀವೂ ಓದಬೇಕಾಗುತ್ತದೆ.

ವನಮಾಲೆಯನ್ನು ಹದಿನೇಳು ತುಂಬಿದಾಗ ಬಿಜೂರಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಗದ್ದೆ, ತೆಂಗು ಇದ್ದ ಮನೆ. ಮದುವೆಯಾದ ಮರುವರ್ಷ ಅವಳ ಎಡಗಿವಿಯ ಕೆಳಗೆ ನೆಲ್ಲಿಕಾಯಿ ಗಾತ್ರದ ಒಂದು ಗಂಟು ಎದ್ದಿತು. ನೋವಿಲ್ಲ. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು, ಅದರ ಕೆಳಗೆ ಮತ್ತೊಂದು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಅತ್ತೆ ಮನೆಯವರು ಸೊಪ್ಪು ಅರೆದು ಕಟ್ಟಿದರು, ಸುಣ್ಣ ಬೆಲ್ಲ ಹಚ್ಚಿದರು, ಹರಕೆ ಹೇಳಿಕೊಂಡರು. ಏನೂ ಇಳಿಯದಿದ್ದಾಗ ಕಳೆದ ವರ್ಷದ ಜನವರಿಯಲ್ಲಿ ನಾನೂ ಬೀಗರೂ ಸೇರಿ ಅವಳನ್ನು ನಿಮ್ಮ ಆಸ್ಪತ್ರೆಗೆ ಕರೆತಂದೆವು. ಅವತ್ತು ನೀವು ಸರ್ಕೀಟಿನ ಮೇಲೆ ಅಲ್ಲಿಗೇ ಬರುವವರಿದ್ದಿರಿ. ನಮ್ಮ ಪುಣ್ಯ ಎಂದುಕೊಂಡೆವು.

ಆಸ್ಪತ್ರೆಯ ಜವಾನ ಶೀನ ನನಗೆ ಇಪ್ಪತ್ತು ವರ್ಷದ ಪರಿಚಯ. “ಹ್ವಾಯ್ ಹೆಬ್ಬಾರ್ರೆ, ಚೂರ್ ಬದಿಗ್ ನಿಂತ್ಕಣಿ, ದೊಡ್ಡ್ ಡಾಕ್ಟ್ರ್ ಬಂದ್ರ್” ಎಂದು ನಮ್ಮನ್ನು ಗೋಡೆಗೆ ಒತ್ತಿ ನಿಲ್ಲಿಸಿ, ನಿಮಗಾಗಿ ಒಂದು ಬೊಂಡ ಕೆತ್ತಿ ತಂದ. ನೀವು ಆ ಬೊಂಡದ ನೀರು ಕುಡಿದು ಮುಗಿಸುವಷ್ಟರಲ್ಲಿ ನನ್ನ ಮಗಳ ಪರೀಕ್ಷೆಯೂ ಮುಗಿದಿತ್ತು. ಅವಳ ಕುತ್ತಿಗೆಯನ್ನು ನೀವು ಕೈಯಿಂದ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಗಾಳಿಯಲ್ಲೇ ತೋರಿಸಿ ಇಲ್ಲಿಯ ಡಾಕ್ಟರರ ಜೊತೆ ಇಂಗ್ಲಿಷಿನಲ್ಲಿ ಏನೋ ಹೇಳಿದಿರಿ. ಅವರು ಗೋಣು ಹಾಕಿದರು. ನೀವು ಹೇಳಿದ್ದಕ್ಕೆಲ್ಲ ಗೋಣು ಹಾಕುವುದೇ ಅವರ ವೈದ್ಯವಾಗಿರಬೇಕು.

ಆಮೇಲೆ ನೀವು ಕನ್ನಡದಲ್ಲಿ ಮೂರು ಪ್ರಶ್ನೆ ಕೇಳಿದಿರಿ. ಎಲೆ ಅಡಿಕೆ ತಿನ್ನುತ್ತಾಳೆಯೇ ಎಂಬುದು ಮೊದಲನೆಯದು. ಮದುವೆಮನೆಯಲ್ಲಿ ತಿಂದಾಳು ಎಂದೆ. ಕೆಮ್ಮು ಇದೆಯೇ ಎಂಬುದು ಎರಡನೆಯದು. ಇಲ್ಲ ಎಂದೆ. ಮೂರನೆಯದು, ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ? ಬೀಗರು ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಇಲ್ಲ ಎಂದೆ. “ತಮ್ಮ ಒಬ್ಬ ತೀರಿಕೊಂಡ, ಅದು ಉಬ್ಬಸ” ಎಂದೂ ಸೇರಿಸಿದೆ. ಆ ಉತ್ತರದ ವಿಚಾರಕ್ಕೆ ಮುಂದೆ ಬರುತ್ತೇನೆ. ತಪ್ಪಿಸಿಕೊಳ್ಳುವುದಿಲ್ಲ. ಸದ್ಯಕ್ಕೆ ನೀವು ಹೇಳಿದ್ದನ್ನು ನೆನಪಿಸುತ್ತೇನೆ. “ಕ್ಷಯವಾದರೆ ಕೆಮ್ಮಬೇಕು. ಅಲ್ಲದೆ ಈ ಕರಾವಳಿಯಲ್ಲಿ ಕ್ಷಯ ಎಲ್ಲಿದೆ? ನಮ್ಮ ಪುಸ್ತಕದಲ್ಲಿ ಇಲ್ಲ. ಇದು ಕ್ಯಾನ್ಸರ್” ಎಂದಿರಿ. ಕ್ಷಯವೆಂಬುದಕ್ಕೆ ಎದೆಗೂಡು ಬಿಟ್ಟರೆ ಬೇರೆಲ್ಲಿಯೂ ಬಿಡಾರ ಹೂಡಲು ಅಪ್ಪಣೆ ಇಲ್ಲವೇ? ಅದು ಬೆನ್ನುಮೂಳೆಯಲ್ಲಿ, ಕರುಳಿನಲ್ಲಿ, ಕೀಲಿನಲ್ಲಿ, ಕುತ್ತಿಗೆಯಲ್ಲಿ ಕೂರುತ್ತದೆಂದು ನಮ್ಮ ಕಡೆಯ ಮುದುಕಿಯರಿಗೂ ಗೊತ್ತು. ಕುತ್ತಿಗೆಯದಕ್ಕೆ ಗಂಡಮಾಲೆ ಎಂದು ಹೆಸರೇ ಇಟ್ಟಿದ್ದಾರೆ. ಸಮುದ್ರ ದಾಟಿ ಓದಿ ಬಂದ ನಿಮಗೆ ಅದು ಗೊತ್ತಿಲ್ಲದೆ ಹೋಯಿತೇ, ಇಲ್ಲವೇ ಬೊಂಡ ಮುಗಿದದ್ದರಿಂದ ನೆನಪಾಗಲು ಸಮಯ ಸಾಲಲಿಲ್ಲವೇ?

ಗಂಟಿನ ಒಂದು ಚೂರು ಕತ್ತರಿಸಿ ಮದ್ರಾಸಿಗೆ ಕಳುಹಿಸಿದರೆ ಅಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಇಂಥದೇ ರೋಗ ಎಂದು ಹೇಳುತ್ತಾರೆ. ಇದನ್ನು ಇಲ್ಲಿಯ ಡಾಕ್ಟರರು ಅವತ್ತು ತಾವೇ ನನಗೆ ತಿಳಿಸಿದರು. ಹಾಗಾದರೆ ಕಳುಹಿಸಬಹುದಲ್ಲ ಎಂದೆ. ಚೂರನ್ನು ಹಾಕಿ ಕಳುಹಿಸುವ ಬಾಟ್ಲಿ ದಾಸ್ತಾನಿಲ್ಲ, ಹೊಸ ವರ್ಷದ ಬೇಡಿಕೆಯಲ್ಲಿ ಬರೆದಿದ್ದೇವೆ, ಬಂದಿಲ್ಲ ಎಂದರು. ಮಾನ್ಯರೇ, ನಮ್ಮ ಕಡೆ ಒಂದೊಂದು ಅಡುಗೆಮನೆಯಲ್ಲೂ ಮಾವಿನ ಮಿಡಿಯನ್ನು ಮೂರು ಮಳೆಗಾಲ ಕೆಡದಂತೆ ಇಡುವ ಭರಣಿಗಳಿವೆ. ಕೇಳಿದ್ದರೆ ನನ್ನ ಹೆಂಡತಿ ವೇದಾವತಿ ಒಂದನ್ನು ತೊಳೆದು ಕೊಡುತ್ತಿದ್ದಳು. ಬಾಟ್ಲಿಯೊಂದು ಬಾರದ ತಪ್ಪಿಗೆ ಹತ್ತೊಂಬತ್ತು ವರ್ಷದ ಹೆಣ್ಣುಮಗಳಿಗೆ ಆರು ತಿಂಗಳ ಗಡುವು ಕೊಟ್ಟು ಕಳುಹಿಸಿದಿರಿ.

ಕಳುಹಿಸುವಾಗ ಬರಿಗೈಯಲ್ಲಿ ಕಳುಹಿಸಲಿಲ್ಲ. ಬೀಗರು ಜಗಲಿಯಲ್ಲಿ ನನ್ನ ಭುಜದ ಮೇಲೆ ಕೈಯಿಟ್ಟು, “ಹೆಬ್ಬಾರ್ರೆ, ಡಾಕ್ಟ್ರ್ ಹತ್ರ ಒಂದ್ ಕಾಗ್ದ ಮಾಡ್ಸಿ ಕೊಡಿ. ಮದ್ರಾಸಿಗ್ ಕರ್ಕಂಡ್ ಹೋಪುಕೆ ಬೇಕಾತ್” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಅಲ್ಲೇ ಕೂತು ಅರ್ಜಿ ಬರೆದೆ. ನನ್ನ ಜೀವಮಾನದ ಅತ್ಯುತ್ತಮ ಅರ್ಜಿ ಅದು, ದಯಾಳು ಎಂಬ ಶಬ್ದವೇ ಐದು ಸಲ ಬಂದಿದೆ. ಅದಕ್ಕೆ ಉತ್ತರವಾಗಿ ಬಂದದ್ದೇ ಆ ಸರ್ಟಿಫಿಕೇಟು. ರೋಗ ಕ್ಯಾನ್ಸರ್, ಚಿಕಿತ್ಸೆಗೆ ಮೀರಿದ್ದು, ಆರು ತಿಂಗಳಿಗಿಂತ ಹೆಚ್ಚು ಬದುಕುವುದು ಸಂಶಯ. ಕೆಳಗೆ ಇಲ್ಲಿಯ ಡಾಕ್ಟರರ ರುಜು, ಅದರ ಮೇಲೆ ನಿಮ್ಮ ರುಜು, ಎರಡರ ಮೇಲೂ ನೇರಳೆ ಬಣ್ಣದ ಮೊಹರು. ಬಾಟ್ಲಿ ಇಲ್ಲದ ಆಸ್ಪತ್ರೆಯಲ್ಲಿ ಮೊಹರಿನ ಮಸಿ ಮಾತ್ರ ಒಂದು ದಿನವೂ ಒಣಗಿರುವುದಿಲ್ಲ.

ಆ ಕಾಗದ ಮದ್ರಾಸಿಗೆ ಹೋಗಲಿಲ್ಲ. ಬಿಜೂರಿನಿಂದ ಎರಡು ಹರದಾರಿ ದೂರದ ಒಂದು ಮನೆಗೆ ಹೋಯಿತು, ಅಲ್ಲಿ ಮದುವೆಗಿದ್ದ ಹುಡುಗಿಯ ತಂದೆ ಅದನ್ನು ಓದಿಸಿ ಕೇಳಿದರು. ಮೊದಲ ಹೆಂಡತಿ ಮಳೆಗಾಲ ಕಳೆಯುವುದಿಲ್ಲವೆಂದು ಸರಕಾರವೇ ಬರೆದುಕೊಟ್ಟ ಮೇಲೆ ಹೆಣ್ಣು ಕೊಡಲು ಅಡ್ಡಿಯೇನು? ಚೈತ್ರದಲ್ಲಿ ನನ್ನ ಅಳಿಯನಿಗೆ ಎರಡನೆಯ ಮದುವೆಯಾಯಿತು. ಅದಕ್ಕೆ ಹದಿನೈದು ದಿನ ಮುಂಚೆ ವನಮಾಲೆಯನ್ನು ತವರಿಗೆ ತಂದುಬಿಟ್ಟಿದ್ದರು. ಮರವಂತೆಯ ಹತ್ತಿರ ಬಸ್ಸು ಕೆಟ್ಟು ನಿಂತಾಗ, ಇನ್ನು ಮುಂದೆ ನೀನು ಕೋಟದಲ್ಲೇ ಇದ್ದರೆ ಒಳ್ಳೆಯದು ಎಂದು ಗಂಡ ಸಮುದ್ರದ ಕಡೆ ನೋಡಿಕೊಂಡು ಹೇಳಿದನಂತೆ. ಎರಡು ಹೆಂಡಿರನ್ನು ಕಟ್ಟಿಕೊಳ್ಳಬಾರದೆಂದು ಈ ವರ್ಷ ಸರಕಾರ ಕಾನೂನು ತಂದಿದೆ. ಸಂತೋಷ. ನಮ್ಮ ಅಳಿಯನ ಕೈಗೆ ನಿಮ್ಮ ಕಾಗದ ಅದಕ್ಕಿಂತ ಒಂದು ವರ್ಷ ಮೊದಲೇ ಸಿಕ್ಕಿತ್ತು. ಆ ಎರಡನೆಯ ಹುಡುಗಿಯ ಮೇಲೆ ನಮಗೆ ಕೋಪವಿಲ್ಲ. ಅವಳಿಗೂ ನಿಮ್ಮ ಮೊಹರನ್ನೇ ತೋರಿಸಿದ್ದು.

ಇನ್ನು ಸಾಯಲು ಬಂದ ಮಗಳ ಕತೆ. ನಮ್ಮ ಕಡೆ ಒಂದು ಪದ್ಧತಿಯಿದೆ. ಬದುಕುವ ಭರವಸೆ ಇಲ್ಲ ಎಂದಾದವರಿಗೆ ಬಾಯಿಗೆ ಬೇಕೆನಿಸಿದ್ದನ್ನು ನೆಂಟರಿಷ್ಟರು ತಂದು ಕೊಡಬೇಕು, ಆಸೆ ಉಳಿಸಿಕೊಂಡು ಹೋಗಬಾರದು. ಪಕ್ಕದ ಮನೆಯ ಜಲಜಮ್ಮ ಮೊದಲ ದಿನವೇ ಬಂದು, “ಎಂತ ಬೇಕ್ ಹೇಳ್ ಮಗಾ, ತಂದ್ ಕೊಡ್ತೆ” ಎಂದರು. ಹಾಲು, ತುಪ್ಪ, ಹಲಸಿನ ಹಣ್ಣಿನ ಕಡುಬು, ಗೆಣಸಲೆ, ಹೆಸರುಬೇಳೆ ಪಾಯಸ, ಬಾಳೆಹಣ್ಣು, ಹೀಗೆ ನಾಲ್ಕು ತಿಂಗಳು ನಮ್ಮ ಮನೆಗೆ ಬರದ ತಿಂಡಿಯಿಲ್ಲ. ಅತ್ತೆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದ ಹುಡುಗಿ ಇಲ್ಲಿ ಎಲ್ಲರಿಗಿಂತ ಮೊದಲು ಉಂಡಳು. ಕೆಲಸ ಮಾಡಲು ಯಾರೂ ಬಿಡಲಿಲ್ಲ. ಒಳಕೋಣೆಯಲ್ಲಿ ಉಸಿರು ಕಟ್ಟುತ್ತದೆ ಎಂದದ್ದಕ್ಕೆ, ಅವಳ ಕೊನೆಯ ಆಸೆಯೆಂದು, ಜಗಲಿಯಲ್ಲಿ ಬಿಸಿಲು ಬೀಳುವಲ್ಲಿ ಮಂಚ ಹಾಕಿದೆವು. ಮದನಪಳ್ಳಿಯಂಥ ಊರುಗಳಲ್ಲಿ ಶ್ರೀಮಂತ ಕ್ಷಯರೋಗಿಗಳಿಗೆ ಇದನ್ನೇ ಔಷಧಿಯೆಂದು ಕೊಡುತ್ತಾರಂತೆ, ಒಳ್ಳೆ ಊಟ, ವಿಶ್ರಾಂತಿ, ಗಾಳಿ, ಬಿಸಿಲು. ನಾವು ಅದನ್ನು ಮರಣದ ಸಿದ್ಧತೆಯೆಂದು ತಿಳಿದು ಮಾಡಿದೆವು. ನಿಮ್ಮ ತಪ್ಪು ಕಾಗದದಿಂದ ನನ್ನ ಮಗಳಿಗೆ ಆದ ಒಂದೇ ಉಪಕಾರ ಇದು, ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಆಷಾಢ ಬಂತು. ದಿನಾ ಯಾರಾದರೂ ಬಂದು ಅವಳ ಮುಖ ನೋಡಿ, ನಮ್ಮ ಮುಖ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಅವಳು ಸ್ವಲ್ಪ ದಪ್ಪಗಾಗಿದ್ದಳು. ಬಂದವರಿಗೆ ಒಂದು ರೀತಿಯ ಮುಜುಗರ. ಅಮಾವಾಸ್ಯೆ ಕಳೆದ ಮರುದಿನ ಅವಳು ತಾಯಿಯನ್ನು ಕರೆದು, “ಅಮ್ಮ, ಆಸಾಡಿ ಮುಗೀತಲ್ದಾ? ನಾನಿನ್ನ್ ಎದ್ದ್ ಅಂಗ್ಳ ಗುಡ್ಸ್ಲಕ್ಕಾ?” ಎಂದು ಕೇಳಿದಳು. ವೇದಾವತಿ ಒಳಗೆ ಹೋಗಿ ಅತ್ತಳು. ನಾನು ಹೊರಗೆ ನಿಂತು ಅತ್ತೆ.

ಆ ಶ್ರಾವಣದಲ್ಲಿ ದೊಡ್ಡ ಗಂಟು ಮೆತ್ತಗಾಗಿ ಒಡೆಯುವ ಹಾಗಾಯಿತು. ಆಗ ಬ್ರಹ್ಮಾವರದಲ್ಲಿ ಮಿಲಿಟರಿಯಿಂದ ಬಿಡುಗಡೆಯಾಗಿ ಬಂದ ಕಮಲಾಕ್ಷ ಡಾಕ್ಟರರಿದ್ದಾರೆಂದು ಯಾರೋ ಹೇಳಿದರು. ತುಂಬಿದ ಹೊಳೆಯ ಕಡವು ದಾಟಿಸಿ ಕರೆದುಕೊಂಡು ಹೋದೆವು. ನಾನು ಇಟ್ಟುಕೊಂಡಿದ್ದ ನಿಮ್ಮ ಕಾಗದದ ನಕಲನ್ನು ಅವರಿಗೆ ಕೊಟ್ಟೆ. ಅವರು ಅದನ್ನು ಓದಿ ಮಡಿಸಿ ಮೇಜಿನ ಮೇಲಿಟ್ಟು ಕೈ ತೊಳೆದುಕೊಂಡರು. ಆಮೇಲೆ ಅವಳ ಹಿಂದೆ ನಿಂತು ಎರಡೂ ಕೈಯ ಬೆರಳುಗಳಿಂದ ಕುತ್ತಿಗೆಯನ್ನು ಬಹಳ ಹೊತ್ತು ನಿಧಾನವಾಗಿ ಮುಟ್ಟಿ ನೋಡಿದರು. ಒಂದೂವರೆ ವರ್ಷದಲ್ಲಿ ಡಾಕ್ಟರೆಂಬವರ ಕೈ ಆ ಗಂಟನ್ನು ಮುಟ್ಟಿದ್ದು ಅದೇ ಮೊದಲು. ದಪ್ಪ ಸೂಜಿಯಿಂದ ಕೀವು ತೆಗೆದರು, ಪಕ್ಕದ ಸಣ್ಣ ಗಂಟಿನಿಂದ ಒಂದು ಚೂರು ಕತ್ತರಿಸಿದರು. ಅವರಲ್ಲೂ ಬಾಟ್ಲಿ ಇರಲಿಲ್ಲ. ತಲೆಗೆ ಹಾಕುವ ಎಣ್ಣೆಯ ಖಾಲಿ ಸೀಸೆಯೊಂದನ್ನು ತರಿಸಿ, ಕುದಿಸಿ, ಔಷಧಿ ನೀರು ತುಂಬಿ, ಅದರಲ್ಲೇ ಚೂರನ್ನು ಹಾಕಿ ಮದ್ರಾಸಿಗೆ ಕಳುಹಿಸಿದರು. ಮೂರು ವಾರದಲ್ಲಿ ವರದಿ ಬಂತು. ಕ್ಯಾನ್ಸರಿನ ಗುರುತು ಇಲ್ಲ, ಕ್ಷಯ.

ವರದಿ ಬರುವ ಮೊದಲೇ, ಚೂರು ಕತ್ತರಿಸಿದ ದಿನವೇ, ಅವರೂ ನಿಮ್ಮ ಮೂರನೆಯ ಪ್ರಶ್ನೆಯನ್ನು ಕೇಳಿದ್ದರು. ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತಾ? ಬೀಗರು ಪಕ್ಕದಲ್ಲಿರಲಿಲ್ಲ, ಆದರೂ ನನ್ನ ಬಾಯಿಂದ ಅದೇ ಮಾತು ಬಂತು, ತಮ್ಮನಿಗೆ ಉಬ್ಬಸ. ಮದುವೆಯಾದಾಗಿನಿಂದ ಪರರ ಮುಂದೆ ನನ್ನ ಮಾತಿಗೆ ಎದುರಾಡದ ವೇದಾವತಿ ಮುಂದೆ ಬಂದಳು. “ಸುಳ್ಳ್ ಹೇಳ್ಬೇಡಿ. ಡಾಕ್ಟ್ರೆ, ಇವ್ರ್ ತಮ್ಮಂಗೆ ಕ್ಷಯವೇ ಇದ್ದಿತ್. ಕಡೀಗ್ ರಕ್ತ ಕಾರ್ತಿದ್ದ. ಅವ್ನ್ ಬಟ್ಟಿ ತೊಳ್ದದ್ ನಾನ್.” ಕಮಲಾಕ್ಷ ಡಾಕ್ಟರರು ನನ್ನನ್ನು ಬೈಯಲಿಲ್ಲ. “ಹೆಬ್ಬಾರ್ರೆ, ಉಬ್ಬಸ ಅಂಟೂದಿಲ್ಲ. ಇದ್ ಅಂಟಿತ್ತ್” ಎಂದರು ಅಷ್ಟೇ.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ನನ್ನ ತಮ್ಮ ವಿಷ್ಣುಮೂರ್ತಿ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಹನ್ನೆರಡು ಜನ ಮಲಗುವ ಕೋಣೆ, ಒಂದೇ ಕಿಟಕಿ. ನಲವತ್ತಮೂರರಲ್ಲಿ ಕೆಮ್ಮುತ್ತ ಊರಿಗೆ ಬಂದ, ಮರುವರ್ಷ ಸತ್ತ. ಅದು ಏನೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಬೆಳೆಯುತ್ತಿರುವ ಹೆಣ್ಣುಮಗಳಿದ್ದಳು. ಕ್ಷಯದ ಮನೆಯೆಂದಾದರೆ ಅವಳಿಗೆ ಗಂಡು ಸಿಕ್ಕುವುದಿಲ್ಲ. ಅದಕ್ಕೇ ಊರಿಗೆ ಉಬ್ಬಸ ಎಂದೆವು. ಊರಿಗೆ ಹಾಗೆಂದ ಮೇಲೆ ಮನೆಯೊಳಗೂ ಹಾಗೇ ನಡೆದುಕೊಳ್ಳಬೇಕಾಯಿತು. ಬೇರೆ ತಟ್ಟೆ ಇಟ್ಟರೆ, ಬೇರೆ ಚಾಪೆ ಹಾಕಿದರೆ, ಮಗುವನ್ನು ಹತ್ತಿರ ಬಿಡದಿದ್ದರೆ ಬಂದವರಿಗೆ ಸಂಶಯ ಬರುತ್ತದೆ. ಆದ್ದರಿಂದ ಎಲ್ಲರೂ ನೋಡುವ ಹಾಗೆ ಹದಿನಾಲ್ಕು ವರ್ಷದ ವನಮಾಲೆಯ ಕೈಯಲ್ಲೇ ಅವನಿಗೆ ಮೂರು ಹೊತ್ತೂ ಗಂಜಿ ಕಳುಹಿಸಿದೆ. ಅವಳು ಚಿಕ್ಕಯ್ಯನ ಪಕ್ಕದಲ್ಲೇ ಕೂತು ಮುಂಬಯಿಯ ಟ್ರಾಮಿನ ಕತೆ ಕೇಳುತ್ತಿದ್ದಳು. ಅವಳ ಮದುವೆ ಕೆಡಬಾರದೆಂದು ಅವಳನ್ನೇ ರೋಗದ ಬಾಯಿಗೆ ಕೊಟ್ಟವನು ನಾನು. ಆ ಸುಳ್ಳಿನಿಂದ ಕೂಡಿಬಂದ ಮದುವೆ ಎಷ್ಟು ದಿನ ಉಳಿಯಿತೆಂದು ಮೇಲೆ ಬರೆದಿದ್ದೇನೆ.

ಇಷ್ಟೇ ಆಗಿದ್ದರೆ ಅದು ನನ್ನ ಮನೆಯ ಮಾತು, ಪತ್ರಿಕೆಯಲ್ಲಿ ಬರೆಯಬೇಕಾಗಿರಲಿಲ್ಲ. ನಮ್ಮ ಊರ ಪಟೇಲರಿಗೆ ಕಣ್ಣು ಮಂದವಾದ ಮೇಲೆ ಜನನ ಮರಣದ ಪುಸ್ತಕವನ್ನು ಅವರ ಪರವಾಗಿ ತುಂಬುತ್ತ ಬಂದವನೂ ನಾನೇ. ಹದಿಮೂರು ವರ್ಷ ತುಂಬಿದೆ. ಸತ್ತವರ ಮನೆಯವರು ಬಂದು ಕೂರುತ್ತಿದ್ದರು. ಗೇಣಿ ಗದ್ದೆ ಮಾಡುವ ತಿಮ್ಮನ ಹೆಂಡತಿ ಸರೋಜ ಸತ್ತಾಗ ಅವನು ಕೈಮುಗಿದು ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಅಯ್ಯ, ಆ ಹೆಸ್ರೊಂ‌ದ್ ಬರೀಬೇಡಿ. ಎರಡ್ ಹೆಣ್ಣ್ ಮಕ್ಳಿತ್, ಯಾರ್ ಮದಿ ಆತ್ರ್?” ನಾನು ಉಬ್ಬಸ ಎಂದು ಬರೆದೆ. ಅವಳಿಗೆ ಇಪ್ಪತ್ತಾರು ವರ್ಷ. ಮುಂಬಯಿಯಿಂದ ಮರಳಿದ ಹುಡುಗರಿಗೆಲ್ಲ ಉಬ್ಬಸ ಬರೆದೆ. ಬೆನ್ನು ಗೂನಾಗಿ ಕಾಲು ಸತ್ತು ಹೋದ ಸೂರನಿಗೆ ವಾತ ಎಂದು ಬರೆದೆ. ಹೊಟ್ಟೆಯಲ್ಲಿ ಗಡ್ಡೆ ಕಟ್ಟಿ ಸೊರಗಿದವರಿಗೆ ಗುಲ್ಮ ಎಂದು ಬರೆದೆ. ಎಲ್ಲರ ಮಾನ ಉಳಿಸಿದೆನೆಂದು ಹೆಮ್ಮೆಪಟ್ಟೆ. ಆ ಪುಸ್ತಕದ ನಕಲು ಪ್ರತಿ ತಿಂಗಳೂ ತಾಲೂಕಿಗೆ, ಅಲ್ಲಿಂದ ನಿಮ್ಮ ಕಚೇರಿಗೆ ಹೋಯಿತು. ‘ಈ ಕರಾವಳಿಯಲ್ಲಿ ಕ್ಷಯ ಎಲ್ಲಿದೆ, ನಮ್ಮ ಪುಸ್ತಕದಲ್ಲಿ ಇಲ್ಲ’ ಎಂದು ನೀವು ಬೊಂಡ ಹಿಡಿದುಕೊಂಡು ಹೇಳಿದಿರಲ್ಲ, ಆ ಪುಸ್ತಕ ಬರೆದವನು ನಿಮ್ಮ ಎದುರಿಗೇ ನಿಂತಿದ್ದ.

ಹಾಗಾದರೆ ತಪ್ಪೆಲ್ಲ ನನ್ನದೇ ಎಂದು ಈ ಪತ್ರವನ್ನು ಇಲ್ಲಿಗೇ ಮಡಿಸಿಡುವ ಆತುರ ಬೇಡ. ನನ್ನ ಪಾಲನ್ನು ನಾನು ಒಪ್ಪಿಕೊಂಡೆ, ಈಗ ನಿಮ್ಮ ಪಾಲನ್ನು ನೋಡೋಣ. ನಾನು ಅರ್ಜಿ ಬರೆಯುವವನು, ನನಗೆ ವೈದ್ಯ ಗೊತ್ತಿಲ್ಲ. ನಿಮಗೆ ಗೊತ್ತು, ಅದಕ್ಕಾಗಿಯೇ ಸರಕಾರ ನಿಮಗೆ ಮೋಟಾರು ಕೊಟ್ಟಿದೆ. ಒಂದೇ ಕೇರಿಯಲ್ಲಿ ಐದು ವರ್ಷಕ್ಕೆ ಒಂಬತ್ತು ಜನ ಉಬ್ಬಸದಿಂದ ಸತ್ತರು, ಒಂಬತ್ತರಲ್ಲಿ ಏಳು ಜನ ಮೂವತ್ತು ದಾಟದವರು. ಇದನ್ನು ಓದಿದವರಿಗೆ ಯಾರಿಗೂ ಅನುಮಾನ ಬರಲಿಲ್ಲವೇ? ಉಬ್ಬಸ ಮುಂಬಯಿ ಹೋಟೆಲಿನ ಕೆಲಸದವರನ್ನೇ ಆರಿಸಿ ಹಿಡಿಯುತ್ತದೆಂದು ನಿಮ್ಮ ಯಾವ ಶಾಸ್ತ್ರದಲ್ಲಿದೆ? ನನ್ನ ಸುಳ್ಳು ಮೂಢನೊಬ್ಬನ ಸುಳ್ಳು. ಅದನ್ನು ಅಂಕಿಅಂಶ ಮಾಡಿ, ಅಚ್ಚು ಹಾಕಿಸಿ, ಸಮುದ್ರದ ಗಾಳಿ ಕ್ಷಯವನ್ನು ಬರಗೊಡುವುದಿಲ್ಲವೆಂದು ಭಾಷಣ ಮಾಡಿದವರು ನೀವು. ನಾನು ಉಬ್ಬಸ ಎಂದದ್ದನ್ನು ನಂಬಿದ ನೀವು ನನ್ನ ಮಗಳ ಕುತ್ತಿಗೆಯನ್ನಾದರೂ ಒಮ್ಮೆ ಮುಟ್ಟಿ ನೋಡಿದ್ದರೆ, ಅದು ಸುಳ್ಳು ಹೇಳುತ್ತಿರಲಿಲ್ಲ.

ಕಮಲಾಕ್ಷ ಡಾಕ್ಟರರು ಎಂಟು ತಿಂಗಳು ಉಪಚಾರ ಮಾಡಿದರು. ಕ್ಷಯಕ್ಕೆ ಹೊಸ ಚುಚ್ಚುಮದ್ದು ಬಂದಿದೆಯೆಂದು ಪತ್ರಿಕೆಯಲ್ಲಿ ಓದಿದ್ದೇವೆ, ನಮ್ಮ ಪಾಲಿಗೆ ಅದು ಪತ್ರಿಕೆಯಲ್ಲೇ ಇದೆ. ಇವಳಿಗೆ ಸಿಕ್ಕಿದ್ದು ಹಾಲು, ಬಿಸಿಲು, ಮತ್ತು ಮೀನೆಣ್ಣೆ. ಕೋಟದ ಬ್ರಾಹ್ಮಣರ ಮನೆಯ ಜಗಲಿಯಲ್ಲಿ ದಿನಕ್ಕೆ ಎರಡು ಸಲ ಮೂಗು ಮುಚ್ಚಿಕೊಂಡು ಮೀನೆಣ್ಣೆ ಕುಡಿದಳು, ಆ ಹೊತ್ತಿಗೆ ಸರಿಯಾಗಿ ವೇದಾವತಿಗೆ ತುಳಸಿಕಟ್ಟೆಯ ಕಡೆ ಏನಾದರೂ ಕೆಲಸವಿರುತ್ತಿತ್ತು. ಗಂಟುಗಳು ಇಳಿದವು. ಕಿವಿಯ ಕೆಳಗೆ ಒಂದು ಗೀರು ಉಳಿದಿದೆ. ಎದೆಯ ಎಕ್ಸ್‌ರೇ ತೆಗೆಸಿದೆವು, ಎದೆ ಶುದ್ಧವಾಗಿದೆ. ಎಂಟನೆಯ ತರಗತಿ ಪಾಸಾಗಿದ್ದ ಹುಡುಗಿ, ಶಿಕ್ಷಕಿಯರ ಟ್ರೈನಿಂಗ್ ಶಾಲೆಗೆ ಅರ್ಜಿ ಹಾಕಿಕೊಂಡಳು. ಆ ಅರ್ಜಿಯನ್ನು ಅವಳೇ ಬರೆದಳು, ದಯಾಳು ಎಂಬ ಶಬ್ದ ಒಂದು ಕಡೆಯೂ ಇಲ್ಲ. ಸೀಟು ಸಿಕ್ಕಿದೆ. ಜೂನ್ ಹದಿನೈದರೊಳಗೆ ಸರಕಾರಿ ಡಾಕ್ಟರರಿಂದ ದೇಹಸ್ಥಿತಿಯ ಸರ್ಟಿಫಿಕೇಟು ಹಾಜರುಪಡಿಸಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ.

ಮತ್ತೆ ನಿಮ್ಮ ಆಸ್ಪತ್ರೆಗೇ ಹೋದೆವು. ಪುಸ್ತಕ ತೆಗೆದು ನೋಡಿದರು. ಈ ಹೆಸರಿನ ರೋಗಿಗೆ ಕ್ಯಾನ್ಸರ್ ಎಂದಿದೆ, ಕ್ಯಾನ್ಸರ್ ಇರುವವಳಿಗೆ ಆರೋಗ್ಯವಿದೆಯೆಂದು ಬರೆಯಲು ಬರುವುದಿಲ್ಲ ಎಂದರು. ಮದ್ರಾಸಿನ ವರದಿ ತೋರಿಸಿದೆ. ಅದು ಖಾಸಗಿ ಡಾಕ್ಟರರು ತರಿಸಿದ್ದು, ಇಲ್ಲಿಯದು ಮೇಲಧಿಕಾರಿಗಳ ರುಜು ಇರುವುದು, ಅವರು ಹೊಡೆದುಹಾಕದೆ ನಾವು ಮುಟ್ಟುವಂತಿಲ್ಲ ಎಂದರು. ಎದುರಿಗೆ ನಿಂತ ಹುಡುಗಿಗಿಂತ ಪುಸ್ತಕದಲ್ಲಿ ಮಲಗಿದ ಹುಡುಗಿಯೇ ಅವರಿಗೆ ಹೆಚ್ಚು ನಿಜ. ಮೂರನೆಯ ಸಲ ಹೋದಾಗ ಗುಮಾಸ್ತರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ನನ್ನನ್ನು ಮರೆಗೆ ಕರೆದು, “ಹೆಬ್ಬಾರ್ರೆ, ಸುಮ್ನೆ ಕುರು ಆದ್ದ್ ಅಂದೇಳಿ ಒಂದ್ ಅರ್ಜಿ ಬರ್ದ್ ಕೊಡಿ. ಬಾಕಿ ನಾನ್ ಕಾಣ್ತೆ. ಕ್ಷಯ ಅಂದ್ರೆ ಆ ಶಾಲಿಯವ್ರೂ ಸೇರ್ಸ್ಕಣ್ತಿಲ್ಲ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನ್ನ ಕೈ ಆಗಲೇ ಜೇಬಿನ ಲೇಖನಿಗೆ ಹೋಗಿತ್ತು. ಮೂವತ್ತು ವರ್ಷದ ಅಭ್ಯಾಸ.

ವನಮಾಲೆ ಕೇಳಿಸಿಕೊಂಡಿದ್ದಳು. ನನ್ನ ಕೈ ಹಿಡಿದು ನಿಲ್ಲಿಸಿದಳು. “ಅಪ್ಪಯ್ಯ, ಚಿಕ್ಕಯ್ಯಂಗೆ ಉಬ್ಬಸ ಬರ್ದ್ರಿ. ನಂಗೆ ಕುರು ಬರೀತ್ರಿಯಾ? ನಾಳಿಗೆ ನನ್ ಶಾಲಿ ಮಕ್ಳಿಗೆ ಎಂತ ಬರೀತ್ರಿ?” ಗುಮಾಸ್ತರು ತಲೆ ತಗ್ಗಿಸಿ ಒಳಗೆ ಹೋದರು. ನಾನು ಲೇಖನಿಯನ್ನು ಜೇಬಿನಿಂದ ತೆಗೆಯಲಿಲ್ಲ. ಮನೆಗೆ ಬಂದು ಈ ಪತ್ರಕ್ಕಾಗಿ ತೆಗೆದೆ.

ಆದ್ದರಿಂದ ಕೇಳುತ್ತೇನೆ, ಬೇಡುವುದಿಲ್ಲ. ಜೂನ್ ಹದಿನೈದರೊಳಗೆ ನಿಮ್ಮ ಆ ಕಾಗದವನ್ನು ನಿಮ್ಮ ಕೈಯಿಂದಲೇ ಹೊಡೆದುಹಾಕಿ, ಪಕ್ಕದಲ್ಲಿ ಅದೇ ನೇರಳೆ ಮೊಹರು ಒತ್ತಿ, ಇದ್ದದ್ದನ್ನು ಬರೆಯಿರಿ. ಈಕೆಗೆ ಕುತ್ತಿಗೆಯ ಗಂಟಿನ ಕ್ಷಯವಿತ್ತು, ನಾವು ಅದನ್ನು ಕ್ಯಾನ್ಸರ್ ಎಂದು ತಪ್ಪು ತಿಳಿದೆವು, ಅದು ಗುಣವಾಗಿದೆ, ಎದೆಯಲ್ಲಿ ರೋಗವಿಲ್ಲ, ಈಕೆಯಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ, ಮಕ್ಕಳಿಗೆ ಪಾಠ ಹೇಳಲು ಈಕೆ ಯೋಗ್ಯಳು. ಕುರು ಎಂದು ಬರೆದರೆ ಅದನ್ನು ನಾವು ತೆಗೆದುಕೊಳ್ಳುವುದಿಲ್ಲ. ಕ್ಷಯ ಎಂಬ ಶಬ್ದ ನೋಡಿ ಶಾಲೆಯವರು ಬೇಡವೆಂದರೆ ಅವರಿಗೂ ಒಂದು ಬಹಿರಂಗ ಪತ್ರ ಬರೆಯಲು ನನ್ನಲ್ಲಿ ಇನ್ನೂ ಮಸಿಯಿದೆ. ಬಾಟ್ಲಿಗಳನ್ನು ತರಿಸಿಕೊಳ್ಳಿ, ಅವು ಬರುವ ತನಕ ನಮ್ಮ ಊರಿನಿಂದ ಎಣ್ಣೆ ಸೀಸೆಗಳನ್ನು ತೊಳೆದು ಕಳುಹಿಸುತ್ತೇವೆ. ನಾನು ತುಂಬಿದ ಹದಿಮೂರು ವರ್ಷದ ಪುಸ್ತಕದಲ್ಲಿ ಯಾವ ಉಬ್ಬಸ ಯಾವುದು ಎಂದು ನನಗೆ ನೆನಪಿದೆ. ನಿಮ್ಮವರು ಯಾರಾದರೂ ಬಂದರೆ ಮನೆ ಮನೆಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಅಲ್ಲಿ ಇನ್ನೂ ಬದುಕಿರುವವರಿದ್ದಾರೆ, ಕುತ್ತಿಗೆಗೆ ಸೆರಗು ಸುತ್ತಿಕೊಂಡ ಹೆಣ್ಣುಮಕ್ಕಳಿದ್ದಾರೆ. ಅವರ ಮನೆಯವರು ನನ್ನನ್ನು ಬೈಯುತ್ತಾರೆ. ಬೈಯಲಿ.

ಈ ಪತ್ರದ ಶುದ್ಧಪ್ರತಿ ಮಾಡಿದ್ದು ವನಮಾಲೆ. ಇಷ್ಟೆಲ್ಲ ಧೈರ್ಯದ ಮಾತಾಡಿದ ನಾನು ಕರಡಿನಲ್ಲಿ ಎರಡು ಕಡೆ, ನನ್ನ ತಮ್ಮನ ವಿಚಾರ ಬಂದಲ್ಲಿ ಒಮ್ಮೆ, ಅವಳ ವಿಚಾರ ಬಂದಲ್ಲಿ ಒಮ್ಮೆ, ‘ಆ ಕಾಯಿಲೆ’ ಎಂದು ಬರೆದಿದ್ದೆ. ಅವಳು ನನ್ನನ್ನು ಕೇಳದೆ ಎರಡನ್ನೂ ಹೊಡೆದುಹಾಕಿ ಮೇಲೆ ‘ಕ್ಷಯ’ ಎಂದು ಬರೆದಳು. ತಿದ್ದುವುದು ಹೇಗೆಂದು ತಿಳಿಯದಿದ್ದರೆ ಆ ಕರಡನ್ನು ನಿಮಗೆ ಕಳುಹಿಸಿಕೊಡುತ್ತೇನೆ.

ಇಂತಿ,
ಯಾರ ವಿಧೇಯನೂ ಅಲ್ಲದ,
ಕ್ಷಯದಿಂದ ಸತ್ತ ವಿಷ್ಣುಮೂರ್ತಿಯ ಅಣ್ಣ,
ಕ್ಷಯದಿಂದ ಎದ್ದ ವನಮಾಲೆಯ ತಂದೆ,
ಉಬ್ಬಸ ಬರೆಯುವುದನ್ನು ಬಿಟ್ಟ
ವೈಕುಂಠ ಹೆಬ್ಬಾರ

ಕೋಟ, ಮೇ ೧೯೪೯